ಮೊಬೈಲ್ ಕಳೆದುಹೋದರೆ: ಮೊದಲು ಬೀಗ, ಆಮೇಲೆ ಸಿಮ್, ನಂತರ ಐಎಂಇಐ

ಬಸ್ ಹತ್ತುವಾಗಿನ ನೂಕುನುಗ್ಗಲು, ವಾರದ ಸಂತೆ, ತೇರಿನ ದಿನದ ಜನಜಂಗುಳಿ, ಆಸ್ಪತ್ರೆಯ ಚೀಟಿ ಸಾಲು. ಮೊಬೈಲ್ ಕೈತಪ್ಪಲು ಇಂಥ ಒಂದು ಗಳಿಗೆ ಸಾಕು. ಜೇಬು ತಡವಿಕೊಂಡಾಗ ಫೋನ್ ಇಲ್ಲ ಎಂದು ಗೊತ್ತಾದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪಕ್ಕದವರ ಫೋನಿನಿಂದ ತಮ್ಮ ನಂಬರಿಗೆ ಕರೆ ಮಾಡುವುದು. ಎರಡು ಸಲ ರಿಂಗ್ ಆಗಿ ಮೂರನೇ ಸಲ ‘ಸ್ವಿಚ್ಡ್ ಆಫ್’ ಎಂದು ಬಂದರೆ, ಇನ್ನು ಸಿಕ್ಕ ಹಾಗೇ ಎಂದು ಕೈಚೆಲ್ಲಿ ಕೂರುತ್ತಾರೆ. ಒಂದೆರಡು ದಿನ ಬಿಟ್ಟು ಹೊಸ ಸಿಮ್, ಹೊಸ ಫೋನು.

ಹಾಗೆ ಕೈಚೆಲ್ಲಬೇಕಾಗಿಲ್ಲ. ಕಳೆದ ಫೋನನ್ನು ಪತ್ತೆಹಚ್ಚುವ ಸರ್ಕಾರಿ ವ್ಯವಸ್ಥೆ ಕರ್ನಾಟಕದಲ್ಲಿ 2022ರಿಂದ ಇದೆ. 2023ರ ಮೇ ತಿಂಗಳಿನಿಂದ ಇಡೀ ದೇಶಕ್ಕೆ ಅನ್ವಯವಾಗಿದೆ. ತಿಂಗಳುಗಳ ಹಿಂದೆ ಕಳೆದ ಫೋನುಗಳನ್ನು ಜಿಲ್ಲಾ ಪೊಲೀಸರು ಸಾಲಾಗಿ ಮೇಜಿನ ಮೇಲೆ ಇಟ್ಟು ಮಾಲೀಕರಿಗೆ ಹಿಂದಿರುಗಿಸುವ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಮೇಜಿನ ಮೇಲೆ ನಿಮ್ಮ ಫೋನೂ ಬರಬೇಕಾದರೆ ನೀವು ಮಾಡಬೇಕಾದ ಕೆಲಸಗಳಿವೆ, ಅವುಗಳಿಗೊಂದು ಕ್ರಮವಿದೆ. ಕ್ರಮ ತಪ್ಪಿದರೆ ಫೋನಿನ ಜೊತೆ ಖಾತೆಯ ಹಣವೂ ಹೋಗಬಹುದು. ಈ ಲೇಖನ ಆ ಕ್ರಮದ ಬಗ್ಗೆ.

ಫೋನ್ ಪತ್ತೆಯಾಗುವುದು ಹೇಗೆ?

ಕಳೆದ ಫೋನನ್ನು ಹಿಂಬಾಲಿಸಲು ಮೂರು ದಾರಿಗಳಿವೆ. ಮೂರೂ ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ.

ಮೊದಲನೆಯದು ನಿಮ್ಮ ಗೂಗಲ್ ಅಥವಾ ಆಪಲ್ ಖಾತೆ. ಫೋನ್ ಆನ್ ಆಗಿದ್ದು ಇಂಟರ್ನೆಟ್ ಸಿಗುತ್ತಿದ್ದರೆ ಅದು ತಾನಿರುವ ಜಾಗವನ್ನು ಖಾತೆಗೆ ತಿಳಿಸಬಲ್ಲದು. ಬೇರೆ ಯಾವ ಫೋನಿನಿಂದಲಾದರೂ ನೀವು ಅದನ್ನು ನಕ್ಷೆಯಲ್ಲಿ ನೋಡಬಹುದು, ಬೀಗ ಹಾಕಬಹುದು, ಒಳಗಿರುವುದನ್ನೆಲ್ಲ ಅಳಿಸಲೂಬಹುದು.

ಎರಡನೆಯದು ಸಿಮ್. ಸಿಮ್ ಯಾವ ಟವರಿನ ವ್ಯಾಪ್ತಿಯಲ್ಲಿದೆ ಎಂಬುದು ಮೊಬೈಲ್ ಕಂಪನಿಗೆ ಗೊತ್ತಿರುತ್ತದೆ. ಆದರೆ ಆ ಮಾಹಿತಿ ಸಿಗುವುದು ಪೊಲೀಸರಿಗೆ, ಅದೂ ಕಾನೂನಿನ ಪ್ರಕಾರ ಕೇಳಿದಾಗ. ನಿಮಗೆ ಸಿಮ್ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಮೂರನೆಯದು ಐಎಂಇಐ. ಬೈಕಿಗೆ ಚಾಸಿ ನಂಬರ್ ಇರುವಂತೆ ಪ್ರತಿ ಮೊಬೈಲಿಗೂ 15 ಅಂಕಿಗಳ ಈ ಗುರುತು ಸಂಖ್ಯೆ ಇರುತ್ತದೆ. ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ. ಸಿಮ್ ಬದಲಾಯಿಸಿದರೂ, ಫೋನನ್ನು ಪೂರ್ತಿ ರೀಸೆಟ್ ಮಾಡಿದರೂ ಇದು ಬದಲಾಗುವುದಿಲ್ಲ. ಫೋನ್ ನೆಟ್‌ವರ್ಕಿಗೆ ಸೇರುವಾಗ ಸಿಮ್ಮಿನ ಗುರುತಿನ ಜೊತೆ ಈ ಸಂಖ್ಯೆಯೂ ಕಂಪನಿಗೆ ತಲುಪುತ್ತದೆ. ಹೀಗಾಗಿ ಕದ್ದವನು ನಿಮ್ಮ ಸಿಮ್ ಬಿಸಾಡಿ ತನ್ನದನ್ನು ಹಾಕಿಕೊಂಡರೆ, ನಿಮ್ಮ ಐಎಂಇಐ ಪಕ್ಕದಲ್ಲಿ ಅವನ ನಂಬರ್ ದಾಖಲಾಗುತ್ತದೆ. ಪೊಲೀಸರು ಫೋನ್ ಹುಡುಕಿ ಕೊಡುವುದು ಹೆಚ್ಚಾಗಿ ಈ ದಾರಿಯಿಂದಲೇ.

ಇಲ್ಲೊಂದು ಇಕ್ಕಟ್ಟಿದೆ. ಸಿಮ್ ಬ್ಲಾಕ್ ಮಾಡಿಸಿದ ಕೂಡಲೇ ಫೋನಿಗೆ ಮೊಬೈಲ್ ಇಂಟರ್ನೆಟ್ ನಿಂತುಹೋಗುತ್ತದೆ. ಆಗ ಮೊದಲನೆಯ ದಾರಿ ಬಹುಪಾಲು ಮುಚ್ಚಿದಂತೆ. ಹಾಗೆಂದು ಸಿಮ್ಮನ್ನು ತಡವಾಗಿ ಬ್ಲಾಕ್ ಮಾಡಿಸಿದರೆ, ಕದ್ದವನು ಅದನ್ನು ಬೇರೆ ಫೋನಿಗೆ ಹಾಕಿ ಒಟಿಪಿ ಪಡೆಯಬಹುದು. ಹಾಗಾಗಿ ಮೊದಲ ಕಾಲು ಗಂಟೆಯನ್ನು ಹುಡುಕುವುದಕ್ಕೆ ಮತ್ತು ದೂರದಿಂದ ಬೀಗ ಹಾಕುವುದಕ್ಕೆ ಬಳಸಿ. ಅದಾದ ತಕ್ಷಣ ಸಿಮ್ ಬ್ಲಾಕ್ ಮಾಡಿಸಿ. ಒಂದು ಸಂದರ್ಭ ಮಾತ್ರ ಇದಕ್ಕೆ ಹೊರತು: ಲಾಕ್ ತೆರೆದಿದ್ದ ಫೋನನ್ನು ಯಾರಾದರೂ ಕೈಯಿಂದ ಕಿತ್ತುಕೊಂಡು ಓಡಿದ್ದರೆ, ಅಥವಾ ಫೋನಿಗೆ ನೀವು ಲಾಕನ್ನೇ ಹಾಕಿರದಿದ್ದರೆ, ಹುಡುಕುತ್ತ ನಿಲ್ಲಬೇಡಿ. ಮೊದಲು ಸಿಮ್ ಮತ್ತು ಬ್ಯಾಂಕ್.

ಮೊದಲ 15 ನಿಮಿಷ: ಹುಡುಕಿ, ಬೀಗ ಹಾಕಿ

1. ಕರೆ ಮಾಡಿ. ಯಾರಾದರೂ ಎತ್ತಿದರೆ ಗದರಿಸಬೇಡಿ. ನಿಜಕ್ಕೂ ಸಿಕ್ಕಿದವರೇ ಎತ್ತಿರಬಹುದು. ನಿಮ್ಮ ಹೆಸರು ಹೇಳಿ, ಜನ ಓಡಾಡುವ ಜಾಗದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ತಲುಪಿಸಲು ಕೇಳಿಕೊಳ್ಳಿ.

2. ಎಲ್ಲಿ ಬಿಟ್ಟಿರಬಹುದು ಎಂದು ಯೋಚಿಸಿ. ಸರ್ಕಾರಿ ಬಸ್ಸಾದರೆ ಟಿಕೆಟ್ ಎಸೆಯಬೇಡಿ. ಯಾವ ಬಸ್ಸು ಎಂದು ಗುರುತಿಸಲು ಬಸ್ ನಿಲ್ದಾಣದ ಸಂಚಾರ ನಿಯಂತ್ರಕರಿಗೆ ಅದು ನೆರವಾಗುತ್ತದೆ. ರೈಲಾದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್‌ಮದದ್ ಆ್ಯಪ್‌ನಲ್ಲಿ ದೂರು ಕೊಡಿ. ರೈಲ್ವೆ ರಕ್ಷಣಾ ದಳವೂ ಈಗ ಕಳೆದ ಮೊಬೈಲುಗಳಿಗಾಗಿ ದೂರಸಂಪರ್ಕ ಇಲಾಖೆಯ ಜೊತೆ ಕೈಜೋಡಿಸಿದೆ. ಆ್ಯಪ್ ಮೂಲಕ ಹಿಡಿದ ಆಟೊ, ಟ್ಯಾಕ್ಸಿಯಾದರೆ ಅದೇ ಆ್ಯಪ್‌ನಲ್ಲಿ ಪ್ರಯಾಣದ ವಿವರ ತೆರೆದು ಚಾಲಕರನ್ನು ಸಂಪರ್ಕಿಸಬಹುದು.

3. ನಕ್ಷೆಯಲ್ಲಿ ನೋಡಿ. ಆಂಡ್ರಾಯ್ಡ್ ಫೋನಾದರೆ ಜೊತೆಗಿರುವವರ ಮೊಬೈಲಿನಲ್ಲಿ ಗೂಗಲ್‌ನ ‘ಫೈಂಡ್ ಹಬ್’ ತೆರೆಯಿರಿ. 2025ರವರೆಗೆ ಇದರ ಹೆಸರು ‘ಫೈಂಡ್ ಮೈ ಡಿವೈಸ್’ ಎಂದಿತ್ತು. ಆ್ಯಪ್‌ನಲ್ಲಿ ಅತಿಥಿಯಾಗಿ ಲಾಗಿನ್ ಆಗುವ ಅವಕಾಶವಿದೆ. ಬ್ರೌಸರ್ ಬಳಸುವುದಾದರೆ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಿ. ಐಫೋನಾದರೆ ‘ಫೈಂಡ್ ಮೈ’ ಆ್ಯಪ್ ಅಥವಾ ಐಕ್ಲೌಡ್ ಜಾಲತಾಣದ ‘ಫೈಂಡ್’ ಪುಟ. ಈ ಪುಟ ತೆರೆಯಲು ಆಪಲ್ ಖಾತೆಯ ಪಾಸ್‌ವರ್ಡ್ ಸಾಕು. ಕಳೆದ ಫೋನಿಗೆ ಬರುವ ಕೋಡ್ ಬೇಕಿಲ್ಲ.

4. ಹತ್ತಿರದಲ್ಲೇ ಇದೆ ಎನಿಸಿದರೆ ‘ಪ್ಲೇ ಸೌಂಡ್’ ಒತ್ತಿ. ಫೋನ್ ಸೈಲೆಂಟ್‌ನಲ್ಲಿದ್ದರೂ ಜೋರಾಗಿ ಸದ್ದು ಮಾಡುತ್ತದೆ. ಸೋಫಾ ಸಂದಿಯಲ್ಲೋ ಕಾರಿನ ಸೀಟಿನ ಕೆಳಗೋ ಬಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತದೆ.

5. ಕಳುವಾಗಿದೆ ಎನಿಸಿದರೆ ಸದ್ದು ಮಾಡಿಸಬೇಡಿ, ಬೀಗ ಹಾಕಿ. ಆಂಡ್ರಾಯ್ಡ್‌ನಲ್ಲಿ ‘ಸೆಕ್ಯೂರ್ ಡಿವೈಸ್’ ಅಥವಾ ‘ಮಾರ್ಕ್ ಆಸ್ ಲಾಸ್ಟ್’, ಐಫೋನಿನಲ್ಲಿ ‘ಲಾಸ್ಟ್ ಮೋಡ್’. ಪರದೆಯ ಮೇಲೆ ಕಾಣುವಂತೆ ಮನೆಯವರ ನಂಬರ್ ಮತ್ತು ‘ಈ ಫೋನ್ ಕಳೆದಿದೆ, ದಯವಿಟ್ಟು ಕರೆ ಮಾಡಿ’ ಎಂಬ ಒಂದು ಸಾಲು ಬರೆಯಬಹುದು. ಆ ಹೊತ್ತಿಗೆ ಫೋನ್ ಆಫ್ ಆಗಿದ್ದರೂ ಆದೇಶ ಕೊಟ್ಟಿಡಿ. ಫೋನ್ ಮತ್ತೆ ಇಂಟರ್ನೆಟ್ಟಿಗೆ ಬಂದಾಗ ಅದು ಜಾರಿಗೆ ಬರುತ್ತದೆ.

6. ನಕ್ಷೆಯಲ್ಲಿ ಜಾಗ ಕಂಡರೆ ಸಮಯದ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಠಾಣೆಯಲ್ಲಿ ಇದು ಬೇಕಾಗುತ್ತದೆ.

‘ಎರೇಸ್’ ಅಥವಾ ‘ಫ್ಯಾಕ್ಟರಿ ರೀಸೆಟ್’ ಎಂಬ ಆಯ್ಕೆಯನ್ನು ಈ ಹಂತದಲ್ಲಿ ಮುಟ್ಟಬೇಡಿ. ಆಂಡ್ರಾಯ್ಡ್ ಫೋನನ್ನು ಅಳಿಸಿದ ಮೇಲೆ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಸಿಗುವ ಆಸೆ ಪೂರ್ತಿ ಹೋದ ಮೇಲೆ, ಒಳಗೆ ಸೂಕ್ಷ್ಮ ಮಾಹಿತಿ ಇದ್ದರೆ ಬಳಸಬೇಕಾದ ಕೊನೆಯ ಅಸ್ತ್ರ ಅದು.

ಮುಂದಿನ ಅರ್ಧ ಗಂಟೆ: ಸಿಮ್ ಮತ್ತು ಹಣ

ಫೋನಿಗೆ ಬೀಗ ಇದ್ದರೆ ಹಣಕ್ಕೆ ಅಪಾಯವಿಲ್ಲ ಎಂದು ಹಲವರು ನಂಬಿದ್ದಾರೆ. ಬೀಗ ಇರುವುದು ಫೋನಿಗೆ, ಸಿಮ್ಮಿಗಲ್ಲ. ಸಿಮ್ ಟ್ರೇ ಹೊರತೆಗೆಯಲು ಒಂದು ಪಿನ್ ಸಾಕು. ಆ ಸಿಮ್ ಬೇರೆ ಫೋನಿಗೆ ಹೋದರೆ ನಿಮ್ಮ ಹೆಸರಿನ ಒಟಿಪಿಗಳೆಲ್ಲ ಆ ಫೋನಿಗೆ ಬರುತ್ತವೆ. ಜೊತೆಗೆ ಫೋನ್ ಕವರಿನ ಹಿಂದೆ ಎಟಿಎಂ ಕಾರ್ಡನ್ನೂ ಸಿಕ್ಕಿಸಿಟ್ಟಿದ್ದರಂತೂ ಕಳ್ಳನಿಗೆ ಬೇಕಾದ ಎರಡೂ ಒಟ್ಟಿಗೆ ಸಿಕ್ಕಂತೆ: ಯುಪಿಐ ಪಿನ್ ಹೊಸದಾಗಿ ಹೊಂದಿಸಲು ಕೇಳುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಒಟಿಪಿ.

1. ನಿಮ್ಮ ಮೊಬೈಲ್ ಕಂಪನಿಯದೇ ಸಿಮ್ ಇರುವ ಇನ್ನೊಬ್ಬರ ಫೋನಿನಿಂದ 198ಕ್ಕೆ ಕರೆ ಮಾಡಿ ಸಿಮ್ ಬ್ಲಾಕ್ ಮಾಡಿಸಿ. ಎರಡು ಸಿಮ್ ಇದ್ದರೆ ಎರಡನ್ನೂ.

2. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಯುಪಿಐ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಲು ಹೇಳಿ. ದೂರಿನ ಸಂಖ್ಯೆ ಮತ್ತು ಕರೆ ಮಾಡಿದ ಸಮಯ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸೂಚನೆಯಂತೆ, ನೀವು ಬ್ಯಾಂಕಿಗೆ ತಿಳಿಸಿದ ನಂತರ ನಡೆಯುವ ಅನಧಿಕೃತ ವಹಿವಾಟಿನ ನಷ್ಟ ಬ್ಯಾಂಕಿನದು. ಆ ಕಾರಣಕ್ಕೇ ಸಮಯ ಮುಖ್ಯ.

3. ಹಣ ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ಆರ್ಥಿಕ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುವ ಮೊದಲೇ ತಡೆಹಿಡಿಯುವುದು ಇದರ ಕೆಲಸ. ಇಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

4. ಫೋನಿಗೆ ಬೀಗ ಹಾಕಿದ ನಂತರ, ಇ-ಮೇಲ್ ಮತ್ತು ಸಾಮಾಜಿಕ ಜಾಲತಾಣಗಳ ಪಾಸ್‌ವರ್ಡ್ ಬದಲಾಯಿಸಿ. ಆದರೆ ಕಳೆದ ಫೋನನ್ನು ಗೂಗಲ್ ಅಥವಾ ಆಪಲ್ ಖಾತೆಯ ಸಾಧನಗಳ ಪಟ್ಟಿಯಿಂದ ತೆಗೆಯಬೇಡಿ. ತೆಗೆದರೆ ನಕ್ಷೆಯ ದಾರಿ ಮುಚ್ಚುತ್ತದೆ. ಐಫೋನಿನಲ್ಲಂತೂ ಬೇರೆಯವರು ಬಳಸದಂತೆ ತಡೆಯುವ ‘ಆ್ಯಕ್ಟಿವೇಶನ್ ಲಾಕ್’ ಕೂಡ ಕಳಚಿಹೋಗುತ್ತದೆ.

5. ಗುರುತಿನ ಚೀಟಿ ತೆಗೆದುಕೊಂಡು ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿನ ಬದಲಿ ಸಿಮ್ ಪಡೆಯಿರಿ. ಇದನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ಸಿಮ್ ಬದಲಿಸಿ ನಡೆಸುವ ವಂಚನೆ ತಡೆಯಲೆಂದು, ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಕಾಲ ಎಸ್‌ಎಂಎಸ್ ನಿಲ್ಲಿಸುವ ನಿಯಮವಿದೆ. ಅಂದರೆ ಒಟಿಪಿ ಬರಲು ಒಂದು ದಿನ ಕಾಯಬೇಕು. ಎಷ್ಟು ಬೇಗ ಸಿಮ್ ಪಡೆಯುತ್ತೀರೋ ಅಷ್ಟು ಬೇಗ ಮುಂದಿನ ಕೆಲಸ.

6. ಬದಲಿ ಸಿಮ್ ಬಂದ ಮೇಲೆ ಬೇರೊಂದು ಫೋನಿನಲ್ಲಿ ಅದೇ ನಂಬರಿನಿಂದ ವಾಟ್ಸ್‌ಆ್ಯಪ್ ನೋಂದಾಯಿಸಿ. ಕಳೆದ ಫೋನಿನಲ್ಲಿರುವ ವಾಟ್ಸ್‌ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಗುತ್ತದೆ. ನಿಮ್ಮ ಹೆಸರಿನಲ್ಲಿ ನೆಂಟರಿಷ್ಟರ ಬಳಿ ಹಣ ಕೇಳುವ ದಾರಿ ಇದರಿಂದ ಮುಚ್ಚುತ್ತದೆ.

ಠಾಣೆಯಲ್ಲಿ: ‘ಕಳೆದಿದೆ’ ಬೇರೆ, ‘ಕಳುವಾಗಿದೆ’ ಬೇರೆ

ಎಲ್ಲೋ ಬೀಳಿಸಿಕೊಂಡಿದ್ದೀರಿ, ಯಾರೂ ಕದ್ದಿಲ್ಲ ಎಂದಾದರೆ ಕರ್ನಾಟಕ ಪೊಲೀಸರ ‘ಇ-ಲಾಸ್ಟ್’ ಸೇವೆಯಲ್ಲಿ ಮನೆಯಿಂದಲೇ ವರದಿ ಕೊಡಬಹುದು. ಕೂಡಲೇ ಡಿಜಿಟಲ್ ಸ್ವೀಕೃತಿ ಸಿಗುತ್ತದೆ. ಫೋನ್ ಕಳೆದಿದೆ ಎಂದು ನೀವು ತಿಳಿಸಿದ್ದೀರಿ ಎಂಬುದಕ್ಕೆ ಅದು ದಾಖಲೆ ಅಷ್ಟೇ. ಅಪರಾಧದ ತನಿಖೆ ಅದರಿಂದ ಶುರುವಾಗುವುದಿಲ್ಲ.

ಕದ್ದಿದ್ದಾರೆ ಅಥವಾ ಕಿತ್ತುಕೊಂಡಿದ್ದಾರೆ ಎಂದಾದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಕಿತ್ತುಕೊಂಡು ಓಡಿದ ಕ್ಷಣದಲ್ಲಾದರೆ ಮೊದಲು 112ಕ್ಕೆ ಕರೆ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಕಲಮು, ಕಿತ್ತುಕೊಂಡು ಓಡುವುದಕ್ಕೆ ಪ್ರತ್ಯೇಕವಾಗಿ 304ನೇ ಕಲಮು ಇದೆ. ‘ಇದು ನಮ್ಮ ಠಾಣೆ ವ್ಯಾಪ್ತಿಯಲ್ಲ’ ಎಂಬ ಉತ್ತರ ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ನಿಮ್ಮ ಬೆನ್ನಿಗಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು.

ದೂರಿನಲ್ಲಿ ಈ ವಿವರಗಳಿರಲಿ: ಫೋನಿನ ಕಂಪನಿ, ಮಾದರಿ, ಬಣ್ಣ, ಎರಡೂ ಐಎಂಇಐ, ಅದರಲ್ಲಿದ್ದ ಸಿಮ್ ನಂಬರುಗಳು, ಕೊನೆಯದಾಗಿ ಬಳಸಿದ ಜಾಗ ಮತ್ತು ಹೊತ್ತು, ಇಲ್ಲವೆಂದು ಗೊತ್ತಾದ ಹೊತ್ತು. ಕದ್ದಿದ್ದನ್ನು ‘ಕಳೆದಿದೆ’ ಎಂದು ಬರೆದುಕೊಡಬೇಡಿ. ಮುಂದೆ ಆ ಫೋನಿನಿಂದ ಏನಾದರೂ ಅಕ್ರಮ ನಡೆದರೂ, ವಿಮೆ ಕೇಳುವಾಗಲೂ ಈ ಒಂದು ಪದ ತೊಡಕಾಗುತ್ತದೆ.

ಐಎಂಇಐ ನೆನಪಿಲ್ಲ ಎಂದು ಗಾಬರಿಯಾಗಬೇಡಿ. ಫೋನಿನ ಡಬ್ಬಿಯ ಮೇಲಿನ ಚೀಟಿಯಲ್ಲಿ ಇರುತ್ತದೆ. ಖರೀದಿ ಬಿಲ್ಲಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಹಳೆಯ ಆರ್ಡರ್ ತೆರೆದು ಬಿಲ್ ಇಳಿಸಿಕೊಳ್ಳಿ. ಡಬ್ಬಿಯೂ ಇಲ್ಲ, ಬಿಲ್ಲೂ ಇಲ್ಲವೆಂದರೆ ಫೈಂಡ್ ಹಬ್‌ನಲ್ಲಿ ಫೋನಿನ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿ ನೋಡಿ. ಆಪಲ್ ಖಾತೆಯ ಸಾಧನಗಳ ಪಟ್ಟಿಯಲ್ಲೂ ಸಿಗುತ್ತದೆ.

ಸಿಇಐಆರ್: ಇಡೀ ದೇಶದಲ್ಲಿ ಫೋನ್ ಬಂದ್

ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಎಲ್ಲ ಮೊಬೈಲ್ ಕಂಪನಿಗಳ ಐಎಂಇಐ ದಾಖಲೆಗಳನ್ನು ಒಂದೆಡೆ ಜೋಡಿಸುವ ವ್ಯವಸ್ಥೆ. ಇದನ್ನು ರೂಪಿಸಿದ್ದು ಸರ್ಕಾರದ್ದೇ ಸಂಸ್ಥೆಯಾದ ಸಿ-ಡಾಟ್. ಮೊದಲು ಒಂದು ಕಂಪನಿ ಫೋನನ್ನು ತಡೆದರೂ ಇನ್ನೊಂದು ಕಂಪನಿಯ ಸಿಮ್ ಹಾಕಿ ಬಳಸಬಹುದಿತ್ತು. ಈಗ ಇಲ್ಲಿ ಬ್ಲಾಕ್ ಆದ ಐಎಂಇಐಗೆ ದೇಶದ ಯಾವ ಕಂಪನಿಯ ನೆಟ್‌ವರ್ಕೂ ಸಿಗುವುದಿಲ್ಲ. ಅಷ್ಟೇ ಅಲ್ಲ, ಯಾರಾದರೂ ಆ ಫೋನಿಗೆ ಸಿಮ್ ಹಾಕಿದರೆ ಆ ನಂಬರಿನ ವಿವರ ಸಮೇತ ಮಾಹಿತಿ ಪೊಲೀಸರಿಗೆ ತಲುಪುತ್ತದೆ. ‘ಬ್ಲಾಕ್ ಮಾಡಿಸಿದರೆ ಪತ್ತೆ ಮಾಡಲಾಗುವುದಿಲ್ಲ’ ಎಂಬ ಮಾತು ತಪ್ಪು. ಬ್ಲಾಕ್ ಮಾಡಿಸುವುದರಿಂದಲೇ ಪತ್ತೆಯ ಕೆಲಸ ಶುರು.

ಹೀಗೆ ಬ್ಲಾಕ್ ಮಾಡಿಸಲು ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣ ಅಥವಾ ಆ್ಯಪ್ ತೆರೆದು, ಕಳೆದ ಮೊಬೈಲ್ ಬ್ಲಾಕ್ ಮಾಡುವ ಆಯ್ಕೆಗೆ ಹೋಗಿ. ಅರ್ಜಿಯಲ್ಲಿ ಮೂರು ಭಾಗಗಳಿವೆ.

1. ಫೋನಿನ ವಿವರ: ಸಿಮ್ ನಂಬರುಗಳು, ಎರಡೂ ಐಎಂಇಐ, ಕಂಪನಿ, ಮಾದರಿ, ಬಿಲ್ಲಿನ ಪ್ರತಿ.

2. ಕಳೆದ ವಿವರ: ಜಾಗ, ದಿನಾಂಕ, ರಾಜ್ಯ, ಜಿಲ್ಲೆ, ಠಾಣೆಯ ಹೆಸರು, ದೂರಿನ ಸಂಖ್ಯೆ, ದೂರಿನ ಪ್ರತಿ.

3. ಮಾಲೀಕರ ವಿವರ: ಹೆಸರು, ವಿಳಾಸ, ಗುರುತಿನ ಚೀಟಿ, ಇ-ಮೇಲ್, ಒಟಿಪಿ ಬರುವ ನಂಬರ್.

ಒಂದು ಕಡೆ ಎಚ್ಚರವಿರಲಿ. 15 ಅಂಕಿಗಳಲ್ಲಿ ಒಂದೇ ಒಂದು ಹೆಚ್ಚುಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಡಬ್ಬಿಯ ಚೀಟಿಯಲ್ಲಿ ಐಎಂಇಐ ಪಕ್ಕದಲ್ಲೇ ಸೀರಿಯಲ್ ನಂಬರೂ ಇರುತ್ತದೆ. ಅದನ್ನೇ ಐಎಂಇಐ ಎಂದು ತಿಳಿದು ತುಂಬಬೇಡಿ. ಐಎಂಇಐಯಲ್ಲಿ ಅಕ್ಷರಗಳು ಇರುವುದಿಲ್ಲ, ಅಂಕಿಗಳು ಮಾತ್ರ. ಜೋರಾಗಿ ಓದಿ ಹೇಳಲು ಒಬ್ಬರು, ಪರದೆಯಲ್ಲಿ ತಾಳೆ ನೋಡಲು ಒಬ್ಬರು ಇದ್ದರೆ ಒಳ್ಳೆಯದು.

ಅರ್ಜಿ ಸಲ್ಲಿಸಿದ ಮೇಲೆ ಒಂದು ‘ರಿಕ್ವೆಸ್ಟ್ ಐಡಿ’ ಸಿಗುತ್ತದೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಫೋನ್ ಬ್ಲಾಕ್ ಆಗುತ್ತದೆ. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಅರ್ಜಿಯ ಸ್ಥಿತಿ ನೋಡಲೂ, ಫೋನ್ ಸಿಕ್ಕ ಮೇಲೆ ಬ್ಲಾಕ್ ತೆಗೆಸಲೂ ಅದೇ ಬೇಕು. ಇಷ್ಟೆಲ್ಲ ನಿಮ್ಮಿಂದ ಆಗದಿದ್ದರೆ ಠಾಣೆಯಲ್ಲೇ ಕೇಳಿ. ಪೊಲೀಸರೂ ಈ ಅರ್ಜಿ ಹಾಕಬಲ್ಲರು.

ಆಮೇಲೆ ಏನಾಗುತ್ತದೆ?

ನಾಳೆಯೇ ಫೋನ್ ಬರುತ್ತದೆ ಎಂದು ಕಾಯಬೇಡಿ. ಕದ್ದ ಫೋನು ಸುಮ್ಮನೆ ಮೂಲೆಯಲ್ಲಿ ಬಿದ್ದಿರಬಹುದು. ಕೈಯಿಂದ ಕೈಗೆ ದಾಟಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಯಾರೋ ಒಬ್ಬರು ಅದಕ್ಕೆ ಸಿಮ್ ಹಾಕಿದ ದಿನವೇ ಅದು ‘ಮಾತಾಡುವುದು’. ಅದು ವಾರದಲ್ಲೂ ಆಗಬಹುದು, ವರ್ಷವೂ ಹಿಡಿಯಬಹುದು. ಆಗ ನಿಮ್ಮ ಠಾಣೆಗೆ ಮಾಹಿತಿ ಹೋಗುತ್ತದೆ, ನಿಮಗೂ ಸಂದೇಶ ಬರುವುದುಂಟು. ಬಂದರೆ ರಿಕ್ವೆಸ್ಟ್ ಐಡಿ ಮತ್ತು ದೂರಿನ ಪ್ರತಿ ಹಿಡಿದು ಠಾಣೆಗೆ ಹೋಗಿ, ಜವಾಬ್ದಾರಿ ವಹಿಸಿರುವ ಸಿಬ್ಬಂದಿಯನ್ನು ಭೇಟಿಯಾಗಿ. ಆಗಾಗ ಹೋಗಿ ಸಮಾಧಾನದಿಂದ ವಿಚಾರಿಸುವವರ ಕಡತ ಮೇಲಕ್ಕೆ ಬರುತ್ತದೆ.

ಎಫ್‌ಐಆರ್ ಆಗಿದ್ದು ಪೊಲೀಸರು ಫೋನ್ ಜಪ್ತಿ ಮಾಡಿದ್ದರೆ, ನ್ಯಾಯಾಲಯದ ಆದೇಶದ ಮೇಲೆ ಬಿಡಿಸಿಕೊಳ್ಳಬೇಕಾಗಬಹುದು. ಬಿಲ್ ಜೋಪಾನವಾಗಿಟ್ಟವರಿಗೆ ಇಲ್ಲಿ ಅನುಕೂಲ. ಫೋನ್ ಕೈಗೆ ಬಂದ ಮೇಲೆ ಸಂಚಾರ್ ಸಾಥಿಯಲ್ಲಿ ಬ್ಲಾಕ್ ತೆಗೆಸಲು ಮರೆಯಬೇಡಿ. ಬಳಸುವ ಮುನ್ನ ಒಮ್ಮೆ ಪೂರ್ತಿ ರೀಸೆಟ್ ಮಾಡಿ. ಮಧ್ಯೆ ಯಾರು ಏನು ತುಂಬಿದ್ದಾರೋ ತಿಳಿಯದು.

ಈ ವ್ಯವಸ್ಥೆಗೂ ಮಿತಿಗಳಿವೆ. ಬ್ಲಾಕ್ ಆದ ಫೋನಿನಲ್ಲಿ ವೈಫೈ ಕೆಲಸ ಮಾಡುತ್ತದೆ. ಫೋನನ್ನು ಬಿಚ್ಚಿ ಪರದೆ, ಬ್ಯಾಟರಿ, ಕ್ಯಾಮೆರಾ ಎಂದು ಬಿಡಿಬಿಡಿಯಾಗಿ ಮಾರಿದ್ದರೆ, ದೇಶದಾಚೆ ಸಾಗಿಸಿದ್ದರೆ ಪತ್ತೆ ಕಷ್ಟ. ಕೆಲವರು ಐಎಂಇಐಯನ್ನೇ ತಿದ್ದುತ್ತಾರೆ. ದೂರಸಂಪರ್ಕ ಕಾಯ್ದೆ 2023ರ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.

ಎಚ್ಚರಿಕೆ

1. ನಕ್ಷೆಯಲ್ಲಿ ಜಾಗ ಕಂಡಿತೆಂದು ಒಬ್ಬರೇ ಹೋಗಿ ಬಾಗಿಲು ಬಡಿಯಬೇಡಿ. ನಕ್ಷೆ ತೋರಿಸುವುದು ಸುಮಾರಿನ ಒಂದು ವೃತ್ತವನ್ನು. ಅದರೊಳಗೆ ಹತ್ತು ಮನೆಗಳಿರಬಹುದು, ನಾಲ್ಕು ಮಹಡಿಯ ಕಟ್ಟಡವಿರಬಹುದು. ಅಮಾಯಕರ ಮೇಲೆ ಆರೋಪ ಹೊರಿಸಿದಂತೆ ಆಗುತ್ತದೆ, ಇಲ್ಲವೇ ನಿಮ್ಮ ಜೀವಕ್ಕೇ ಅಪಾಯ. ಪೊಲೀಸರ ಜೊತೆ ಹೋಗಿ.

2. ‘ನಿಮ್ಮ ಫೋನ್ ಸಿಕ್ಕಿದೆ, ಜಾಗ ನೋಡಲು ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ. ಐಫೋನ್ ಕಳೆದವರಿಗೆ ಇದು ಹೆಚ್ಚು ಬರುತ್ತದೆ. ಆಪಲ್‌ನದೇ ಪುಟದಂತೆ ಕಾಣುವ ನಕಲಿ ಪುಟದಲ್ಲಿ ನಿಮ್ಮಿಂದ ಪಾಸ್‌ವರ್ಡ್ ಪಡೆದು, ಫೋನಿನ ಲಾಕ್ ತೆಗೆಯುವುದು ಅವರ ಉದ್ದೇಶ. ಪೊಲೀಸ್ ಅಥವಾ ಕಂಪನಿಯ ಹೆಸರು ಹೇಳಿ ಒಟಿಪಿ, ಪಿನ್ ಕೇಳುವವರಿಗೂ ಏನನ್ನೂ ಕೊಡಬೇಡಿ.

3. ಐಎಂಇಐ ಅಥವಾ ನಂಬರ್ ಕೊಟ್ಟರೆ ಫೋನ್ ಎಲ್ಲಿದೆ ಎಂದು ತೋರಿಸುತ್ತೇವೆ ಎನ್ನುವ ಆ್ಯಪ್‌ಗಳನ್ನು, ಹಣ ಕೇಳುವ ವ್ಯಕ್ತಿಗಳನ್ನು ನಂಬಬೇಡಿ. ಟವರ್ ಮಾಹಿತಿ ಖಾಸಗಿಯವರಿಗೆ ಸಿಗುವಂಥದ್ದಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಳೆಯ ಫೋನು, ಹೋಗಲಿ ಎಂದು ದೂರನ್ನೇ ಕೊಡದಿರುವುದು ಮೊದಲನೆಯದು. ಫೋನ್ ಬೆಲೆ ಎಷ್ಟೇ ಇರಲಿ, ಅದು ನಿಮ್ಮ ಹೆಸರಿನಲ್ಲಿದೆ. ನಾಳೆ ಅದರಿಂದ ಒಂದು ಬೆದರಿಕೆ ಕರೆ ಹೋದರೆ ವಿಚಾರಣೆ ಮೊದಲು ಬರುವುದು ನಿಮ್ಮ ಮನೆಗೆ. ಸಿಮ್ ಬ್ಲಾಕ್ ಮಾಡಿಸಿದ್ದೇನೆ, ಫೋನೂ ಬ್ಲಾಕ್ ಆಯಿತು ಎಂದುಕೊಳ್ಳುವುದು ಎರಡನೆಯದು. ಎರಡೂ ಬೇರೆ ಬೇರೆ. ಎರಡು ಐಎಂಇಐಗಳಲ್ಲಿ ಒಂದನ್ನು ಮಾತ್ರ ಕೊಡುವುದು ಮೂರನೆಯದು. ಫೋನ್ ಎಲ್ಲೋ ಮನೆಯಲ್ಲೇ ಸಿಕ್ಕಿದ ಮೇಲೆ, ದೂರು ಹಿಂಪಡೆಯದೆ, ಬ್ಲಾಕ್ ತೆಗೆಸದೆ ಸುಮ್ಮನಿರುವುದು ನಾಲ್ಕನೆಯದು.

ಫೋನ್ ಕೈಯಲ್ಲಿರುವಾಗಲೇ ಮಾಡಿಡಬೇಕಾದ್ದು

ಮೇಲೆ ಹೇಳಿದ ಕೆಲಸಗಳಲ್ಲಿ ಅರ್ಧಕ್ಕರ್ಧ ಆಗುವುದು ಮೊದಲೇ ಸಿದ್ಧತೆ ಇದ್ದರೆ ಮಾತ್ರ. ಈ ಪಟ್ಟಿಗೆ ಒಂದು ಸಂಜೆ ಸಾಕು. ಅಪ್ಪ, ಅಮ್ಮ, ಅಜ್ಜಿಯ ಫೋನುಗಳಿಗೂ ಇದನ್ನೇ ಮಾಡಿಕೊಡಿ.

1. *#06# ಒತ್ತಿ. ಪರದೆಯ ಮೇಲೆ ಬರುವ ಐಎಂಇಐಗಳನ್ನು ಡೈರಿಯಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಟ್ಟರೆ ಪ್ರಯೋಜನವಿಲ್ಲ. ಬಿಲ್ಲಿನ ಫೋಟೊವನ್ನು ನಿಮ್ಮದೇ ಇ-ಮೇಲಿಗೆ ಕಳುಹಿಸಿಡಿ.

2. ಸಿಮ್ಮಿಗೂ ಪಿನ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿ. ಮೊದಲಿಗೆ ಕಂಪನಿಯೇ ಇಟ್ಟಿರುವ ಪಿನ್ ಬೇಕು. ಸಹಾಯವಾಣಿಯಲ್ಲಿ ಕೇಳಿ ತಿಳಿದೇ ಹಾಕಿ, ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ ಕೋಡ್ ಕೇಳುತ್ತದೆ. ಪಿನ್ ಇದ್ದ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಅದು ತೆರೆಯುವುದಿಲ್ಲ. ಒಟಿಪಿ ಕಳ್ಳತನಕ್ಕೆ ಇದಕ್ಕಿಂತ ಸುಲಭದ ತಡೆ ಇನ್ನೊಂದಿಲ್ಲ. ಫೋನ್ ಒಪ್ಪುವುದಾದರೆ ಇ-ಸಿಮ್ ಬಳಸಬಹುದು, ಅದನ್ನು ಹೊರತೆಗೆಯಲಾಗದು.

3. ಫೋನಿನ ಲಾಕ್‌ಗೆ 6 ಅಂಕಿಯ ಪಿನ್ ಇಡಿ. ಹುಟ್ಟಿದ ವರ್ಷ, ವಾಹನದ ನಂಬರ್ ಬೇಡ. ಯುಪಿಐ ಪಿನ್ನಿಗೂ ಅದನ್ನೇ ಇಡಬೇಡಿ.

4. ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳಗಿನ ಸಾಲುಗಳು ಕಾಣದಂತೆ ಮಾಡಿ. ಇಲ್ಲದಿದ್ದರೆ ಲಾಕ್ ತೆಗೆಯದೆಯೇ ಒಟಿಪಿ ಓದಬಹುದು. ಲಾಕ್ ಆಗಿರುವಾಗ ಮೇಲಿನಿಂದ ಎಳೆದು ಏರೋಪ್ಲೇನ್ ಮೋಡ್ ಹಾಕಲು ಆಗದಂತೆಯೂ ಹಲವು ಫೋನುಗಳಲ್ಲಿ ತಡೆಯಬಹುದು.

5. ಫೈಂಡ್ ಹಬ್ ಅಥವಾ ಫೈಂಡ್ ಮೈ ಚಾಲೂ ಇದೆಯೇ ನೋಡಿ. ಆಫ್‌ಲೈನ್ ಇದ್ದಾಗಲೂ ಹುಡುಕುವ ಆಯ್ಕೆಯನ್ನು ತೆರೆದಿಡಿ. ಹತ್ತಿರ ಹಾದುಹೋಗುವ ಇತರ ಫೋನುಗಳ ನೆರವಿನಿಂದ ಅದು ಜಾಗ ತಿಳಿಸುತ್ತದೆ. ಆಂಡ್ರಾಯ್ಡ್‌ನ ‘ಥೆಫ್ಟ್ ಪ್ರೊಟೆಕ್ಷನ್’ ವಿಭಾಗದಲ್ಲಿರುವ ‘ರಿಮೋಟ್ ಲಾಕ್’ ಚಾಲೂ ಮಾಡಿದರೆ, ಖಾತೆಯ ಪಾಸ್‌ವರ್ಡ್ ಮರೆತಿದ್ದರೂ ನಿಮ್ಮ ಫೋನ್ ನಂಬರ್ ಕೊಟ್ಟು ಬೀಗ ಹಾಕಬಹುದು. ಐಫೋನಿನಲ್ಲಿ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಚಾಲೂ ಮಾಡಿ.

6. ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ ಇಟ್ಟಿದ್ದರೆ, ಲಾಗಿನ್ ಅನುಮತಿ ಕೇಳುವುದು ಕಳೆದ ಫೋನಿನಲ್ಲೇ. ಅದಕ್ಕೆಂದೇ ಗೂಗಲ್ 10 ‘ಬ್ಯಾಕಪ್ ಕೋಡ್’ಗಳನ್ನು ಕೊಡುತ್ತದೆ. ಅವನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ.

7. ಮನೆಯವರ ಎರಡು ನಂಬರುಗಳನ್ನಾದರೂ ಬಾಯಿಪಾಠ ಮಾಡಿಕೊಳ್ಳಿ. ಫೋನ್ ಹೋದಾಗ ಯಾರಿಗೆ ಕರೆ ಮಾಡಬೇಕೆಂದರೂ ನಂಬರ್ ಇರುವುದು ಆ ಫೋನಿನಲ್ಲೇ!

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ, ಫೋನ್ ಸಿಕ್ಕವರಿಗೆ

ಕದ್ದ ಫೋನು ಮಾರಾಟವಾಗುವುದು ಕೊಳ್ಳುವವರು ಇರುವುದರಿಂದ. ಹಳೆಯ ಫೋನ್ ಕೊಳ್ಳುವ ಮೊದಲು ಅದರಲ್ಲಿ *#06# ಒತ್ತಿ ಐಎಂಇಐ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸಂಚಾರ್ ಸಾಥಿಯಲ್ಲೂ ಇದೇ ಪರೀಕ್ಷೆ ಇದೆ. ‘ಬ್ಲ್ಯಾಕ್‌ಲಿಸ್ಟ್’ ಎಂದು ಬಂದರೆ ಕೊಳ್ಳಬೇಡಿ. ಬಿಲ್ ಮತ್ತು ಮಾರುವವರ ಗುರುತಿನ ಚೀಟಿಯ ಪ್ರತಿ ಕೇಳಿ ಪಡೆಯಿರಿ. ಕದ್ದದ್ದೆಂದು ಗೊತ್ತಿದ್ದೂ ಕೊಂಡರೆ ಅದೂ ಅಪರಾಧ.

ದಾರಿಯಲ್ಲಿ ಫೋನ್ ಸಿಕ್ಕರೆ ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ. ಚಾರ್ಜ್ ಮುಗಿದಿದ್ದರೆ ಚಾರ್ಜಿಗೆ ಹಾಕಿ, ಕರೆ ಬಂದರೆ ಎತ್ತಿ. ಯಾರೂ ಕರೆ ಮಾಡದಿದ್ದರೆ ಹತ್ತಿರದ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಮಾಲೀಕರನ್ನು ಹುಡುಕುವ ಪ್ರಯತ್ನ ಮಾಡದೆ ಸಿಕ್ಕ ವಸ್ತುವನ್ನು ಇಟ್ಟುಕೊಳ್ಳುವುದು ನ್ಯಾಯ ಸಂಹಿತೆಯ 314ನೇ ಕಲಮಿನ ಪ್ರಕಾರ ಶಿಕ್ಷಾರ್ಹ.

ಫೋನಿನ ಬೆಲೆ ನೋಡಿ ದೂರು ಕೊಡಬೇಕೋ ಬೇಡವೋ ಎಂದು ಲೆಕ್ಕ ಹಾಕಬೇಡಿ. ಬ್ಲಾಕ್ ಆದ ಪ್ರತಿ ಫೋನೂ ಕಳ್ಳನ ಪಾಲಿಗೆ ಮಾರಲಾಗದ ಸರಕು. ಹೆಚ್ಚು ಜನ ಈ ಅರ್ಜಿ ಹಾಕಿದಷ್ಟೂ ಕದ್ದ ಫೋನಿಗೆ ಸಿಗುವ ಬೆಲೆ ಇಳಿಯುತ್ತದೆ. ನಿಮ್ಮ ಫೋನ್ ನಿಮಗೆ ಸಿಗದೇ ಹೋದರೂ, ನೀವು ಕೊಟ್ಟ ಆ ಒಂದು ದೂರು ಮುಂದಿನ ಕಳ್ಳತನವನ್ನು ಲಾಭವಿಲ್ಲದ ಕೆಲಸವಾಗಿಸುತ್ತದೆ.